ಒಂದು ಗೇಣು ಕಡಿಮೆ

ಗುಂಡಿಯೊಳಗೆ ನಿಂತವರಿಗೆ ಯಾರೂ ಕೂತ್ಕೋ ಎನ್ನುವುದಿಲ್ಲ.

ಅವಳು ನಿಂತಿದ್ದಳು. ಬೆಳಕು ಹರಿಯುವ ಹೊತ್ತಿಗೆ ಇಬ್ಬರು ಗಂಡಾಳುಗಳ ಜೊತೆ ಸೇರಿ ತೋಡಲು ಶುರುಮಾಡಿದ ಗುಂಡಿ ಅದು. ಆರು ಅಡಿ ಆಳ. ಒಬ್ಬರು ನಿಂತಲ್ಲೇ ತಿರುಗಬಹುದಾದಷ್ಟು ಅಗಲ. ತೋಡಿ ಮುಗಿದ ಮೇಲೆ ಗಂಡಾಳುಗಳು ಏಣಿ ಹತ್ತಿದರು. ಏಣಿಯನ್ನೂ ಹೊತ್ತುಕೊಂಡು ಹೋದರು, ಪಕ್ಕದ ಬೀದಿಯ ಕೆಲಸಕ್ಕೆ ಬೇಕಿತ್ತು. ಅವಳು ಕೆಳಗೇ ಉಳಿದಳು. ಉಳಿಯುವುದೇ ಅವಳ ಕೆಲಸ.

ಮೇಲೆ ಹುಲ್ಲಿನ ಮೇಲೆ, ದೊಡ್ಡ ಕೊಡೆಯ ನೆರಳಿನಲ್ಲಿ, ಮನೆಯ ಯಜಮಾನ, ಯಜಮಾನಿ, ಹದಿನೇಳು ವರ್ಷದ ಮಗ ಕೂತಿದ್ದರು. ಕಂಪನಿಯ ಮಾರಾಟದವನು ಚಿತ್ರದ ಪುಸ್ತಕ ಬಿಡಿಸಿಕೊಂಡು, ಮನೆಗೆ ಎಂಥ ಈಜುಕೊಳ ಒಪ್ಪುತ್ತದೆ ಎಂದು ವಿವರಿಸುತ್ತಿದ್ದ. ಫೈಬರ್ ತೊಟ್ಟಿಯಾದರೆ ಕಾರ್ಖಾನೆಯಿಂದ ಸಿದ್ಧವಾಗಿ ಬರುತ್ತದೆ, ಕ್ರೇನಿನಲ್ಲಿ ಎತ್ತಿ ಗುಂಡಿಗಿಟ್ಟರೆ ವಾರದಲ್ಲಿ ಈಜಬಹುದು. ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೊಳವಾದರೆ ಕಾಲಿಗೆ ಮೆತ್ತಗೆ, ಆದರೆ ಏಳೆಂಟು ವರ್ಷಕ್ಕೆ ಹಾಳೆ ಬದಲಿಸಬೇಕು. ಕಾಂಕ್ರೀಟಾದರೆ ತಡ, ಆದರೆ ಬೇಕಾದ ಆಕಾರ, ಬೇಕಾದ ಆಳ. ಯಜಮಾನನಿಗೆ ಮಹಡಿಯ ಕಿಟಕಿಯಿಂದ ನೋಡಿದರೆ ನೀಲಿಯಾಗಿ ಕಾಣಬೇಕಿತ್ತು, ಅಷ್ಟೆ. ಮಗನಿಗೆ ಧುಮುಕಬೇಕಿತ್ತು. ಯಜಮಾನಿಗೆ ಮಗ ಮುಳುಗಬಾರದಿತ್ತು.

ಅವಳ ಹೆಸರು ಕಂಪನಿಯ ರಿಜಿಸ್ಟರಿನಲ್ಲಿತ್ತು. ಕರೆಯುವುದಕ್ಕೆ ಎಲ್ಲರಿಗೂ ಅಳತೆಯಮ್ಮ. ಕಾಗದದ ಮೇಲೆ ಬರೆದ ಅಡಿ ಕೊಳ್ಳುವವರ ತಲೆಗೆ ಹೋಗುವುದಿಲ್ಲ, ಗುಂಡಿಯಲ್ಲಿ ಮನುಷ್ಯ ನಿಂತರೆ ಹೋಗುತ್ತದೆ ಎಂದು ಕಂಪನಿ ಕಂಡುಕೊಂಡಿತ್ತು. ಹನ್ನೆರಡು ವರ್ಷದ ಹಿಂದೆ ಅವಳು ಕೆಲಸಕ್ಕೆ ಸೇರಿದ ದಿನ ಗೋಡೆಗೆ ನಿಲ್ಲಿಸಿ ಅಳೆದಿದ್ದರು. ನಾಲ್ಕು ಅಡಿ ಹತ್ತು ಅಂಗುಲ. ಕೈ ಎತ್ತಿದರೆ ಬೆರಳ ತುದಿ ಸರಿಯಾಗಿ ಆರು ಅಡಿ. ಇಂಥ ಲೆಕ್ಕದ ಮೈ ಸಿಗುವುದು ಅಪರೂಪ ಎಂದು ಎಲ್ಲರೂ ನಕ್ಕಿದ್ದರು. ಅಂದಿನಿಂದ ಸೊಂಟದ ನೀರು ಎಂದರೆ ಅವಳ ಸೊಂಟ, ಎದೆಮಟ್ಟದ ನೀರು ಎಂದರೆ ಅವಳ ಎದೆ. ಮಾರಾಟದವನು ಬಡಿಗೆಯ ತುದಿಗೆ ಸುಣ್ಣ ಹಚ್ಚಿಕೊಂಡು ಮೇಲಿಂದಲೇ ಅವಳ ಅಂಗಿಯ ಮೇಲೆ ಗೆರೆ ಎಳೆಯುತ್ತಿದ್ದ. ಅಂಗಿ ಸತ್ತ ಗಂಡನದು. ಒಗೆದರೂ ಸುಣ್ಣ ಹೋಗುತ್ತಿರಲಿಲ್ಲ.

ಗುಂಡಿಯ ಗೋಡೆ ಬೆವರುತ್ತಿತ್ತು. ಮೊಣಕಾಲಿನ ಎತ್ತರದಲ್ಲಿ ಕಪ್ಪು ಮಣ್ಣಿನ ನಡುವೆ ಒಂದು ಬೂದು ಪದರ, ಅಲ್ಲಿಂದ ನೀರು ಜಿನುಗಿ ಅವಳ ಹಿಮ್ಮಡಿ ತೋಯಿಸುತ್ತಿತ್ತು. ಮಣ್ಣಿನ ಹೊಟ್ಟೆಯಲ್ಲಿ ನೀರನ್ನು ಬಚ್ಚಿಟ್ಟವನು ದೇವರು. ಯಾರ ಅಂಗಳ ಎಂದು ನೋಡಿ ಬಚ್ಚಿಟ್ಟವನಲ್ಲ. ಪ್ರತಿ ಗುಂಡಿಯಲ್ಲೂ ನೀರು ಕಂಡ ಕ್ಷಣ ಅವಳು ಒಳಗೊಳಗೇ ಕೈಮುಗಿಯುತ್ತಿದ್ದಳು. ಅಂದೂ ಮುಗಿದಳು.

ಮೇಲೆ ಮಾತು ಫೈಬರ್ ತೊಟ್ಟಿಯ ಕಡೆಗೆ ವಾಲಿತ್ತು. ಬೇಗ ಆಗುತ್ತದೆ ಎಂದು ಯಜಮಾನ ಹೇಳಿದ. ಅವಳಿಗೆ ಸುಮ್ಮನಿರಲು ಆಗಲಿಲ್ಲ.

“ಈ ಮಣ್ಣಲ್ಲಿ ನೀರಿದೆ ಅಯ್ಯಾ. ತೊಟ್ಟಿ ಇಟ್ಟರೆ, ತೊಳೆಯೋಕೆ ಖಾಲಿ ಮಾಡಿದ ದಿನ ದೋಣಿ ಥರ ಮೇಲೆದ್ದು ಬರುತ್ತೆ.”

ಯಜಮಾನಿ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ದನಿ ಎಲ್ಲಿಂದ ಬಂತು ಎಂದು ಅವಳಿಗೆ ತಿಳಿಯಲಿಲ್ಲ. ಮಾರಾಟದವನು ಪುಟ ತಿರುವಿದ. ಒಂದು ಲೋಟ ತಂಪು ಪಾನೀಯ ಕುಡಿಯುವಷ್ಟು ಹೊತ್ತು ಬಿಟ್ಟು, ಗುಂಡಿಗೆ ಇಣುಕಿ, ಗಲ್ಲ ಕೆರೆದುಕೊಂಡು, ಇಲ್ಲಿ ನೆಲದೊಳಗೆ ನೀರಿದೆ ಸಾರ್, ತೊಟ್ಟಿ ಇಟ್ಟರೆ ದೋಣಿ ಥರ ಮೇಲೆದ್ದು ಬರುತ್ತದೆ, ನನ್ನ ಅನುಭವದಲ್ಲಿ ಹೇಳುತ್ತಿದ್ದೇನೆ, ಕಾಂಕ್ರೀಟೇ ವಾಸಿ ಎಂದ. ಯಜಮಾನ ಮೆಚ್ಚಿ ತಲೆದೂಗಿದ. ಹಾಗೆ ಕಾಂಕ್ರೀಟು ನಿಶ್ಚಯವಾಯಿತು.

ಮುಂದೆ ಆಳದ ಮಾತು. ಮಗ ಎಂಟು ಅಡಿ ಎಂದ. ತಾಯಿ ನಾಲ್ಕು ಎಂದಳು. ಹಗ್ಗಜಗ್ಗಾಟ ಆರಕ್ಕೆ ಬಂದು ನಿಂತಿತು. ಆರು ಎಂದರೆ ಎಷ್ಟು ಎಂದು ತಾಯಿ ಕೇಳಿದಳು. ಅಳತೆಯಮ್ಮ, ಕೈ ಎತ್ತು ಎಂದು ಮಾರಾಟದವನು ಹೇಳಿದ. ಅವಳು ಎತ್ತಿದಳು. ಎಡಗೈ ಕಿವಿಯವರೆಗೆ ಹೋಯಿತು. ಬಲಗೈ ತಲೆಯ ಮೇಲೆ ಹೋಗಿ, ಪೂರ್ತಿ ನೆಟ್ಟಗಾಗದೆ ನಿಂತುಬಿಟ್ಟಿತು. ಭುಜದೊಳಗೆ ತುಕ್ಕು ಹಿಡಿದ ಬಾಗಿಲು ತೆರೆದಂಥ ಸದ್ದು. ಬೆರಳಿಗೂ ಗುಂಡಿಯ ಅಂಚಿಗೂ ನಡುವೆ ಅಂಗೈ ಅಗಲಿಸಿದರೆ ಹಿಡಿಯುವಷ್ಟು ಜಾಗ ಉಳಿದಿತ್ತು.

ಗುಂಡಿ ಸ್ವಲ್ಪ ಹೆಚ್ಚಿಗೆ ತೋಡಿದ್ದಾರೆ ಮೇಡಂ, ಈ ಬೆರಳಿದೆಯಲ್ಲ, ಇದು ಆರು ಎಂದು ಮಾರಾಟದವನು ಹೇಳಿದ. ಗುಂಡಿ ಹೆಚ್ಚಾಗಿರಲಿಲ್ಲ. ಅವಳು ಪಿಕಾಸಿಯ ಕಾವಿನಿಂದ ಎರಡು ಸಲ ಅಳೆದಿದ್ದಳು. ಆದರೆ ತಾಯಿಗೆ ಇನ್ನೂ ಅನುಮಾನ. ಒಂದು ಸಲ ತಿರುಗಿ ನಿಲ್ಲಲಿ ಎಂದಳು. ಕೈ ಇಳಿಸದಿರಲಿ, ಫೋಟೋ ತೆಗೆದುಕೊಳ್ಳುತ್ತೇನೆ ಎಂದಳು. ಮಗ ನಕ್ಕು, ಅಮ್ಮ, ಶರಣಾದ ಕಳ್ಳಿಯ ಹಾಗಿದ್ದಾಳೆ ಎಂದ. ಮುಕ್ಕಾಲು ಗಂಟೆ ಕೈ ಮೇಲೆಯೇ ಇತ್ತು. ನೀರು ಹಿಮ್ಮಡಿಯಿಂದ ಕಣಕಾಲಿಗೆ ಬಂತು. ಆಮೇಲೆ ಅವರು ಊಟಕ್ಕೆದ್ದು ಒಳಗೆ ಹೋದರು. ಏಣಿ ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು.

*

ಅವಳ ಮೈದುನ ಆ ಕಂಪನಿಯ ಮೇಸ್ತ್ರಿ. ಗಂಡ ಸತ್ತ ಮೇಲೆ ಕೆಲಸಕ್ಕೆ ಹಚ್ಚಿದವನೂ ಅವನೇ. ಅವನ ಮನೆಯ ಹಿಂದೆ ಪೈಪು ಇಡುತ್ತಿದ್ದ ಕೋಣೆಯೊಂದಿತ್ತು, ಅದರಲ್ಲಿ ಅವಳ ವಾಸ. ಮನೆಯಲ್ಲಿ ಅವಳು ಅತ್ತಿಗೆ, ನೀವು. ಕೆಲಸದ ಜಾಗದಲ್ಲಿ ಅಳತೆಯಮ್ಮ, ನೀನು. ಬೀದಿಯ ತಿರುವಿನಲ್ಲೆಲ್ಲೋ ಆ ಮಾತು ಬದಲಾಗುತ್ತಿತ್ತು, ಬಟ್ಟೆ ಬದಲಿಸಿದ ಹಾಗೆ. ಅವಳೂ ಮನೆಯಲ್ಲಿ ತಮ್ಮಾ ಎನ್ನುತ್ತಿದ್ದಳು, ಕೆಲಸದಲ್ಲಿ ಮೇಸ್ತ್ರಿ ಎನ್ನುತ್ತಿದ್ದಳು. ಓರಗಿತ್ತಿ ತಟ್ಟೆಯನ್ನು ಕೋಣೆಯ ಹೊಸ್ತಿಲಲ್ಲಿಟ್ಟು ಹೋಗುತ್ತಿದ್ದಳು. ಕೆಟ್ಟವಳಲ್ಲ. ಒಂದು ಹೊತ್ತೂ ತಪ್ಪಿಸಿದವಳಲ್ಲ. ಒಂದು ಹೊತ್ತೂ ನಿಂತು ಮಾತಾಡಿದವಳೂ ಅಲ್ಲ.

ಗೇಣು ಹೊಟ್ಟೆಗಾಗಿ ಏನೆಲ್ಲ ಎನ್ನುತ್ತಾರೆ. ಹನ್ನೆರಡು ವರ್ಷ ಅವಳು ಗುಂಡಿಯಿಂದ ಮಣ್ಣು ಹೊತ್ತಳು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಬಾಂಡ್ಲಿ, ಒಂದು ಕೈ ಏಣಿಗೆ, ಒಂದು ಕೈ ಬಾಂಡ್ಲಿಗೆ. ಏಣಿಯ ಮೆಟ್ಟಿಲು ಹತ್ತುವಾಗ ತಲೆಯ ಭಾರ ಕುತ್ತಿಗೆಗೆ ಇಳಿಯುತ್ತದೆ, ಕುತ್ತಿಗೆಯಿಂದ ಬೆನ್ನಿಗೆ, ಬೆನ್ನಿನಿಂದ ಸೊಂಟಕ್ಕೆ. ಅಲ್ಲಿಂದ ಮುಂದೆ ಇಳಿಯಲು ದಾರಿಯಿಲ್ಲ, ಅಲ್ಲೇ ಕೂತುಬಿಡುತ್ತದೆ. ಅವಳ ಬೆನ್ನು ಬಾಗಿದ್ದು ಯಾವ ವರ್ಷ ಎಂದು ಅವಳಿಗೇ ಗೊತ್ತಿಲ್ಲ. ಕನ್ನಡಿಯಲ್ಲಿ ಮುಖ ಕಾಣದೆ ಹಣೆಯೊಂದೇ ಕಂಡ ದಿನ, ಕನ್ನಡಿ ಜಾರಿದೆ ಎಂದುಕೊಂಡು ಮೊಳೆ ಕೆಳಗೆ ಹೊಡೆದಿದ್ದಳು.

ಆ ಮನೆಯ ಕೊಳ ತೋಡಲು ಹದಿನೆಂಟು ದಿನ ಹಿಡಿಯಿತು. ಪಂಪು ಹಚ್ಚಿ ನೀರು ಹೊರಹಾಕುತ್ತ ತೋಡಿದರು. ಆಳದ ಕಡೆ ನೆಲ ಹದಕ್ಕೆ ಬಂದ ದಿನ, ಕಾಂಕ್ರೀಟಿನ ಲಾರಿ ಗೇಟಿನ ಮುಂದೆ ಹೊಟ್ಟೆ ತಿರುಗಿಸುತ್ತ ನಿಂತಿತ್ತು. ಮೇಸ್ತ್ರಿ ಅಂಚಿನಿಂದ ಅಂಚಿಗೆ ದಾರ ಬಿಗಿದ. ದಾರ ಎಂದರೆ ನೀರಿನ ಮಟ್ಟ. ಬೆರಳು ದಾರ ಮುಟ್ಟಿದರೆ ಆರು ಅಡಿ ಎಂದು ಲೆಕ್ಕ, ನೆಲದ ಟೈಲ್ಸಿನ ದಪ್ಪಕ್ಕೆ ಬೇರೆ ಕೊಂಚ ಬಿಡುವುದು. ಟೇಪು ಅವನ ಪೆಟ್ಟಿಗೆಯಲ್ಲಿತ್ತು. ಕೆಸರು ಹೊಕ್ಕು ಬಿಗಿದುಕೊಂಡಿತ್ತು. ಎಳೆದು, ತೊಳೆದು, ಒರೆಸಿ ಹಿಡಿಯುವಷ್ಟರಲ್ಲಿ ಅಳತೆಯಮ್ಮ ಹತ್ತು ಕಡೆ ನಿಂತು ಬಂದಿರುತ್ತಾಳೆ.

ಅವಳು ನಿಂತಳು. ಬೆರಳು ದಾರಕ್ಕೆ ತಾಗಿತು. ಆಳ ಪೂರ್ತಿ ಆರು ಅಡಿಯಿದ್ದರೆ ತಾಗಬಾರದಿತ್ತು. ಅವಳಿಗೆ ಗೊತ್ತಿತ್ತು.

“ಮೇಸ್ತ್ರಿ, ನನ್ನ ಕೈ ಪೂರ್ತಿ ಹೋಗ್ತಿಲ್ಲ. ಟೇಪು ಹಿಡಿ.”

ಅವನು ಲಾರಿಯ ಕಡೆ ನೋಡಿದ. ಡ್ರೈವರು ಹಾರನ್ ಒತ್ತಿದ.

“ಹನ್ನೆರಡು ವರ್ಷದಿಂದ ನಿನ್ನ ಕೈ ಸುಳ್ಳು ಹೇಳಿಲ್ಲ. ಇವತ್ತೊಂದಿನ ಹೇಳುತ್ತಾ? ಬಾ, ಬಾ, ಮೇಲೆ ಬಾ.”

ಅವಳು ಇನ್ನೊಂದು ಸಲ ಹೇಳಬಹುದಿತ್ತು. ಗುಂಡಿಯಲ್ಲೇ ಕೂತುಬಿಡಬಹುದಿತ್ತು. ಕೂರಲಿಲ್ಲ. ಏಣಿ ಹತ್ತಿದಳು. ಲಾರಿ ಕಾಂಕ್ರೀಟು ಸುರಿಯಿತು.

*

ಕೊಳ ತುಂಬಿದ ಮೂರನೆಯ ವಾರ ಮಗ ಧುಮುಕಿದ. ಅಂಚಿನ ಮೇಲೆ ಆರು ಎಂಬ ಅಂಕಿಯ ಟೈಲ್ಸ್ ಇತ್ತು. ಒಳಗೆ ಐದೂಕಾಲು ಅಡಿ ನೀರಿತ್ತು. ಹಣೆ ಸೀಳಿತು. ಕುತ್ತಿಗೆಯ ಮೂಳೆಯೊಂದು ಬಿರುಕು ಬಿಟ್ಟಿತು. ಬದುಕಿದ. ನಡೆಯುತ್ತಾನೆ ಎಂದು ಡಾಕ್ಟರು ಹೇಳಿದರಂತೆ, ತಿಂಗಳುಗಟ್ಟಲೆ ಪಟ್ಟಿ ಕಟ್ಟಿಕೊಂಡು ಮಲಗಿರಬೇಕು.

ಸುದ್ದಿ ತಿಳಿದ ಸಂಜೆ ಅವಳು ಉಣ್ಣಲಿಲ್ಲ. ತಟ್ಟೆ ಹೊಸ್ತಿಲಲ್ಲೇ ಉಳಿಯಿತು. ದೇವರ ಮುಂದೆ ಕೂತಳು. ಕೋಣೆಯಲ್ಲಿ ದೇವರ ಪಟವಿರಲಿಲ್ಲ, ಗೋಡೆಯ ಕಡೆ ಮುಖ ಮಾಡಿ ಕೂರುವುದೇ ಅವಳಿಗೆ ದೇವರ ಮುಂದೆ ಕೂರುವುದು. ತಪ್ಪು ನನ್ನದಲ್ಲ ಎಂದು ಅವಳು ಹೇಳಲಿಲ್ಲ. ಒಮ್ಮೆ ಹೇಳಿ ಸುಮ್ಮನಾದೆ, ಎರಡು ಸಲ ಹೇಳಲಿಲ್ಲ ಎಂದಳು. ಹುಡುಗನ ಕುತ್ತಿಗೆ ಕೂಡಲಿ, ಬೇಕಾದರೆ ನನ್ನದು ತಗೋ, ಹೇಗೂ ಮುರಿದೇ ಇದೆ ಎಂದಳು. ಗೋಡೆ ಕೇಳಿಸಿಕೊಂಡಿತು.

ಮರುದಿನ ಆ ಮನೆಗೆ ನಡೆದುಹೋದಳು. ಹುಡುಗ ಹೇಗಿದ್ದಾನೆ ಎಂದು ಕೇಳಿಕೊಂಡು ಹೋಗಲು ಬಂದೆ ಎಂದು ಗೇಟಿನವನಿಗೆ ಹೇಳಿದಳು. ಯಾರು ಅಂತ ಹೇಳಲಿ ಎಂದು ಅವನು ಕೇಳಿದ. ಅವಳು ಯೋಚಿಸಿದಳು. ಬೇರೆ ಏನೂ ಹೊಳೆಯದೆ, ಗುಂಡಿ ತೋಡಿದವಳು ಎಂದಳು. ಗುಂಡಿಯ ಕೆಲಸ ಮುಗೀತಲ್ಲಮ್ಮ ಎಂದು ಅವನು ಗೇಟು ಹಾಕಿಕೊಂಡ. ಗೇಟಿನ ಸಂದಿಯಿಂದ ನೀಲಿ ಕಾಣುತ್ತಿತ್ತು. ಯಜಮಾನನ ಆಸೆಯ ನೀಲಿ.

ನಾಲ್ಕು ದಿನ ಕಳೆದು, ದೀಪ ಹಚ್ಚುವ ಹೊತ್ತಿಗೆ ಮೈದುನ ಕೋಣೆಗೆ ಬಂದ. ಅವನು ಆ ಕೋಣೆಯಲ್ಲಿ ಕೂತದ್ದು ಅದೇ ಮೊದಲು. ಕೂರಲು ಜಾಗವಿಲ್ಲದೆ ಮಡಚಿದ ಹಾಸಿಗೆಯ ಮೇಲೆ ಕೂತ. ಕಂಪನಿಯವರು ಒಂದು ಕಾಗದ ತಯಾರಿಸಿದ್ದಾರೆ ಎಂದ. ಅಳತೆ ಕೊಡುವಾಗ ನಾನು ಮೊಣಕಾಲು ಬಗ್ಗಿಸಿ ನಿಂತಿದ್ದೆ, ಮೇಸ್ತ್ರಿಗೆ ತಿಳಿಸಿರಲಿಲ್ಲ ಎಂದು ಅದರಲ್ಲಿದೆ. ಅವಳ ಸಹಿ ಬಿದ್ದರೆ ಅಲ್ಲಿಗೆ ಮುಗಿಯುತ್ತದೆ. ಮುದುಕಿಯ ಮೇಲೆ ಆ ಮನೆಯವರು ಏನು ಸಾಧಿಸುತ್ತಾರೆ? ಕಂಪನಿಯವರು ಅವಳಿಗೆ ಸ್ಟೋರಿನಲ್ಲಿ ಕೂತು ಮಾಡುವ ಕೆಲಸ ಕೊಡುತ್ತಾರೆ. ಕೂತು ಮಾಡುವ ಕೆಲಸ ಎಂಬುದನ್ನು ಅವನು ಎರಡು ಸಲ ಹೇಳಿದ. ಇಲ್ಲದಿದ್ದರೆ ಅವನ ಕೆಲಸ ಹೋಗುತ್ತದೆ, ಅವನ ಮನೆ ಹೋಗುತ್ತದೆ, ಮನೆ ಹೋದರೆ ಈ ಕೋಣೆ ಎಲ್ಲಿರುತ್ತದೆ?

“ನಾನು ಹೇಳಿದ್ದೆ ತಮ್ಮಾ.”

“ಹೇಳಿದ್ರಿ ಅತ್ತಿಗೆ. ಇಲ್ಲ ಅಂದ್ನಾ?” ಅವನು ನೆಲ ನೋಡಿದ. “ಒಂದು ಸಾಲು, ಅಷ್ಟೆ. ಬಡವನ ಸಿಟ್ಟು ದವಡೆಗೆ ಮೂಲ.”

“ನನ್ನ ದವಡೆಯಲ್ಲಿ ಉಳಿದಿರೋದೇ ನಾಲ್ಕು ಹಲ್ಲು. ಮೂಲ ಆದ್ರೆ ಆಗಲಿ ಬಿಡು.”

ಅವನು ನಗಲು ನೋಡಿದ. ಆಗಲಿಲ್ಲ. ನಾಳೆ ಹತ್ತು ಗಂಟೆಗೆ ಎಂದು ಹೇಳಿ ಎದ್ದ.

*

ಕಂಪನಿಯ ಆಫೀಸಿನಲ್ಲಿ ತಂಪು ಗಾಳಿ ಬರುತ್ತಿತ್ತು. ಮೂಲೆಯಲ್ಲಿ ಮೂರು ಬಗೆಯ ಕೊಳಗಳ ಮಾದರಿ, ಗೊಂಬೆಯ ಮನೆಯಷ್ಟು ದೊಡ್ಡವು. ಅಂಚಿನಲ್ಲಿ ಬೆರಳಷ್ಟು ಎತ್ತರದ ಗೊಂಬೆಗಳು ಕಾಲು ಚಾಚಿ ಮಲಗಿದ್ದವು. ಮೇಜಿನ ಆಚೆ ಮ್ಯಾನೇಜರು, ಅವನ ಪಕ್ಕ ಮಾರಾಟದವನು, ಈಚೆ ಯಜಮಾನ, ಯಜಮಾನಿ. ಮೈದುನ ಬಾಗಿಲ ಹತ್ತಿರ ನಿಂತಿದ್ದ. ಕುರ್ಚಿಗಳು ಅಷ್ಟೇ ಇದ್ದವು.

ಮ್ಯಾನೇಜರು ಕಾಗದ ಓದಿದ. ಸಹಿ ಹಾಕುವ ಜಾಗಕ್ಕೆ ಬೆರಳಿಟ್ಟು, ಇಂಕಿನ ಪ್ಯಾಡನ್ನೂ ಪಕ್ಕಕ್ಕಿಟ್ಟ. ಅವಳಿಗೆ ಬರೆಯಲು ಬರುತ್ತಿತ್ತು. ಪ್ಯಾಡನ್ನು ಹಿಂದಕ್ಕೆ ಸರಿಸಿದಳು.

“ಇನ್ನೊಂದ್ಸಲ ಓದಿ.”

ಅವನು ಓದಿದ. ಮೊಣಕಾಲು ಎಂಬಲ್ಲಿ ಅವಳು ಕೈ ಅಡ್ಡ ಮಾಡಿದಳು. ಗೋಡೆಯ ಹತ್ತಿರ ಹೋದಳು. ಚಪ್ಪಲಿ ಬಿಟ್ಟಳು. ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ನಿಂತಳು. ಹಿಮ್ಮಡಿ ತಾಗಿತು, ಸೊಂಟ ತಾಗಿತು. ತಲೆ ತಾಗಲಿಲ್ಲ. ಗೋಡೆಗೂ ತಲೆಗೂ ನಡುವೆ ಒಂದು ಬಾಂಡ್ಲಿ ಇಡಬಹುದಿತ್ತು.

“ಅಳೀರಿ.”

ಯಾರೂ ಏಳಲಿಲ್ಲ. ಇದೆಲ್ಲ ಈಗ ಯಾಕೆ ಎಂದು ಮ್ಯಾನೇಜರು ಗೊಣಗಿದ. ಅಳೆಯಲಿ ಎಂದು ಯಜಮಾನಿ ಹೇಳಿದಳು. ಮಾರಾಟದವನು ಹೊಸ ಟೇಪು ತಂದ. ಅದು ಸರಾಗವಾಗಿ ಬಿಚ್ಚಿಕೊಂಡಿತು. ನಾಲ್ಕು ಅಡಿ ಐದು ಅಂಗುಲ.

“ಸೇರಿಸಿಕೊಂಡಾಗ ಎಷ್ಟು ಬರೆದಿದ್ದೀರಿ, ಅದನ್ನೂ ಓದಿ. ಈಗ ನನ್ನ ಮೊಣಕಾಲು ಮುಟ್ಟಿ ನೋಡಿ. ಬಗ್ಗಿದೆಯಾ ನೋಡಿ.”

ರಿಜಿಸ್ಟರು ಯಾರೂ ತೆಗೆಯಲಿಲ್ಲ. ಮೊಣಕಾಲನ್ನು ಯಾರೂ ಮುಟ್ಟಲಿಲ್ಲ. ಯಜಮಾನ ತನ್ನ ಫೋನು ನೋಡಿಕೊಂಡ. ಅವಳು ಗೋಡೆ ಬಿಟ್ಟು ಬರಲಿಲ್ಲ. ದನಿ ಏರಿಸಲೂ ಇಲ್ಲ. ಗುಂಡಿಯಿಂದ ಮಾತಾಡಿ ಮಾತಾಡಿ ಅವಳ ದನಿಗೆ ಮೇಲಕ್ಕೆ ಹೋಗುವ ರೂಢಿ ಇತ್ತು. ಇಲ್ಲಿ ಎಲ್ಲರೂ ಒಂದೇ ನೆಲದ ಮೇಲಿದ್ದರು.

“ಮೊಣಕಾಲು ನಾನು ಬಗ್ಗಿಸಲಿಲ್ಲ. ಬೆನ್ನು ನೀವು ಬಗ್ಗಿಸಿದ್ರಿ. ಈ ಕಾಗದಕ್ಕೆ ನಾನು ಸಹಿ ಹಾಕೋದಿಲ್ಲ. ನನ್ನ ತಪ್ಪು ಬೇರೆ ಇದೆ, ಅದನ್ನ ಬರೀರಿ, ಈಗಲೇ ಹಾಕ್ತೀನಿ. ಕೈ ಹೋಗ್ತಿಲ್ಲ ಅಂತ ಒಂದ್ಸಲ ಹೇಳಿ ಬಾಯಿ ಮುಚ್ಚಿಕೊಂಡೆ ಅಂತ ಬರೀರಿ. ಆ ಹುಡುಗನ ತಾಯಿ ಮುಂದೆ ಅದನ್ನ ಒಪ್ಕೋತೀನಿ.”

ಯಜಮಾನಿ ಮೊದಲ ಬಾರಿಗೆ ಅವಳ ಮುಖ ನೋಡಿದಳು. ಅಷ್ಟು ದಿನ ನೋಡಿದ್ದು ನೆತ್ತಿ.

“ಹೇಳಿದ್ದೆಯಾ? ಯಾರಿಗೆ?”

ಬಾಗಿಲ ಹತ್ತಿರ ಮೈದುನ ಒಂದು ಹೆಜ್ಜೆ ಹಿಂದೆ ಸರಿದದ್ದು ಅವಳಿಗೆ ಕಂಡಿತು. ಗಂಡ ಸತ್ತ ದಿನ ಇವನು ಅವಳ ಕಾಲ ಬಳಿ ಕೂತು ಅತ್ತಿದ್ದ. ಓರಗಿತ್ತಿಯ ತಟ್ಟೆ ಒಂದು ಹೊತ್ತೂ ತಪ್ಪಿರಲಿಲ್ಲ.

“ಕೇಳಿಸಿಕೊಂಡವರು ಇಲ್ಲೇ ಇದ್ದಾರೆ. ಅವರೇ ಹೇಳಲಿ.”

ಅವಳು ಕಾದಳು. ದೇವರೇ, ಅವನ ಬಾಯಿಗೆ ಬಾ ಎಂದು ಬೇಡಿಕೊಂಡಳು. ಕಾಂಕ್ರೀಟು ಸುರಿಯುವಷ್ಟು ಹೊತ್ತು ಕಾದಳು. ಮ್ಯಾನೇಜರು ಮೇಸ್ತ್ರಿಯನ್ನು ನೋಡಿದ. ಮಾರಾಟದವನು ಮೇಸ್ತ್ರಿಯನ್ನು ನೋಡಿದ. ಯಜಮಾನಿಯೂ ನೋಡಿದಳು. ಮೇಸ್ತ್ರಿ ಮೂಲೆಯ ಗೊಂಬೆಗಳನ್ನು ನೋಡುತ್ತಿದ್ದ.

“ಅತ್ತಿಗೆ,” ಎಂದ. ಅಷ್ಟು ಜನರ ಮುಂದೆ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಮುಂದಿನ ಮಾತು ಬರಲಿಲ್ಲ.

ಅವಳು ಚಪ್ಪಲಿ ಮೆಟ್ಟಿಕೊಂಡಳು. ಕಾಗದ ಮೇಜಿನ ಮೇಲೆ ಇದ್ದ ಹಾಗೇ ಇತ್ತು, ಸಹಿಯ ಜಾಗ ಬೆಳ್ಳಗೆ. ಇವತ್ತಿನಿಂದ ಕೆಲಸಕ್ಕೆ ಬರಬೇಡ ಎಂದು ಮ್ಯಾನೇಜರು ಬೆನ್ನ ಹಿಂದಿನಿಂದ ಹೇಳಿದ. ಅದು ತಿಳಿದೇ ಅವಳು ಹೊರಟಿದ್ದಳು.

ರಸ್ತೆಯಲ್ಲಿ ಬಿಸಿಲು. ಮೈದುನ ಹಿಂದೆಯೇ ಓಡಿಬಂದ. ಸ್ಕೂಟರಿನ ಕೀಲಿ ಕೈಯಲ್ಲಿತ್ತು. ಮನೆಗೆ ಹೋಗೋಣ ಬನ್ನಿ ಅತ್ತಿಗೆ, ಕೂತು ಮಾತಾಡೋಣ ಎಂದ. ಅವನ ಕಣ್ಣು ತುಂಬಿತ್ತು. ಅವಳು ಅವನ ತೋಳು ಮುಟ್ಟಿದಳು.

“ನೀನು ಒಳಗೆ ಹೋಗಿ ಹೇಳಿ ಬಾ ತಮ್ಮಾ. ನಾನು ಇಲ್ಲೇ ಇರ್ತೀನಿ. ಆಮೇಲೆ ಹೋಗೋಣ.”

ಅವನು ಆಫೀಸಿನ ಬಾಗಿಲು ನೋಡಿದ. ಕೀಲಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಹಾಕಿಕೊಂಡ. ಎರಡು ಹೆಜ್ಜೆ ಇಟ್ಟ. ನಿಂತ. ತಿರುಗಿ ಸ್ಕೂಟರಿನ ಕಡೆ ಹೋದ. ಅದು ಮೂರನೆಯ ಒದೆತಕ್ಕೆ ಶುರುವಾಯಿತು.

ಅವಳು ಕಾಲುದಾರಿಯ ಅಂಚಿನಲ್ಲಿ ಕೂತಳು. ಇಲ್ಲೇ ಇರ್ತೀನಿ ಎಂದು ಮಾತು ಕೊಟ್ಟಾಗಿತ್ತು. ಮಧ್ಯಾಹ್ನ ಯಜಮಾನ, ಯಜಮಾನಿ ಕಾರಿನಲ್ಲಿ ಹೋದರು. ಕಾರು ಅವಳ ಮುಂದೆ ನಿಧಾನವಾಯಿತು. ನಿಲ್ಲಲಿಲ್ಲ. ಒಬ್ಬಳು ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಗಿಡಕ್ಕೆ ಸುರಿದು ಹೋದಳು. ಒಬ್ಬ ಮುದುಕ ದಾರಿ ಕೇಳಿದ, ಅವಳಿಗೆ ಗೊತ್ತಿರಲಿಲ್ಲ. ಮತ್ತೆ ಯಾರೂ ಮಾತಾಡಿಸಲಿಲ್ಲ. ಅವಳು ದೇವರನ್ನೂ ಏನೂ ಕೇಳಲಿಲ್ಲ. ಅವನೂ ಒಂಟಿ, ಕೇಳಿ ಕೇಳಿ ದಣಿದಿರುತ್ತಾನೆ ಎಂದುಕೊಂಡು ಸುಮ್ಮನೆ ಅವನ ಜೊತೆ ಕೂತಿದ್ದಳು.

ಸಂಜೆ ಆಫೀಸಿನ ಷಟರು ಇಳಿಯಿತು. ಬೀಗ ಹಾಕಿದವನು ಅವಳನ್ನು ದಾಟಿ ಹೋದ. ಸ್ಕೂಟರು ಬರಲಿಲ್ಲ.

ಅವಳು ಏಳಬೇಕಾಯಿತು. ಎಬ್ಬಿಸಲು ಯಾರೂ ಇರಲಿಲ್ಲ. ನೆಲ ಇತ್ತು. ಅದಕ್ಕೆ ಕೈಯೂರಿ ಎದ್ದಳು.